ಬಟ್ಟಲ ಪಕ್ಕದ ಗಾಜಿನ ಲೋಟ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಎದ್ದುಬಿಟ್ಟಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ತೆಗೆಸಿಕೊಂಡ ಮೇಲೆ ಎಲ್ಲವೂ ತೀರಾ ನಿಚ್ಚಳವಾಗಿ ಕಾಣತೊಡಗಿ ಇನ್ನಷ್ಟು ಅಳುಕಾಯಿತು. ನನ್ನ ಹೆಂಡತಿಗೆ ಅರ್ಧ ಗೊತ್ತಿತ್ತು. ಉಳಿದರ್ಧ ಹೇಳುವ ಮುಂಚೆ ಅವಳು ಹೋದಳು. ಈಗ ಕೇಳುವವರಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮಾಲೂರಿನ ಒಂದು ಸಣ್ಣ ಚರ್ಚನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಗುಡಿಸುವುದು, ಗಂಟೆ ಹೊಡೆಯುವುದು, ಹೂದಾನಿಗೆ ನೀರು ಹಾಕುವುದು. ಅದಕ್ಕೆ ಪ್ರತಿಯಾಗಿ ಕಾಂಪೌಂಡಿನ ಹಿಂದೆ ಎರಡು ಕೋಣೆಯ ಮನೆ. ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ಕೊನೆಯ ಸಂಗತಿ. ಆಗ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಇನ್ನೂ ಉಸಿರಾಡುತ್ತಿದ್ದವು. ಬೆಳಿಗ್ಗೆ ಬಾಗಿಲು ತೆಗೆದರೆ ಸುಟ್ಟ ಮಣ್ಣಿನ ವಾಸನೆಯ ತೆಳು ಹೊಗೆ ಬೆಂಚುಗಳ ಮೇಲೆ ಹಾಸಿಕೊಂಡಿರುತ್ತಿತ್ತು. ಕಿಟಕಿಯ ಬಣ್ಣದ ಗಾಜಿನಿಂದ ಬೆಳಕು ಬಿದ್ದಾಗ ಆ ಹೊಗೆ ನೀಲಿಯಾಗಿ, ಕೆಂಪಾಗಿ, ನಿಧಾನವಾಗಿ ತಿರುಗುತ್ತಿತ್ತು. ಯಾರೋ ಪ್ರಾರ್ಥನೆ ಮಾಡಿ ಈಗ ತಾನೇ ಎದ್ದು ಹೋಗಿದ್ದಾರೆ ಎನ್ನಿಸುತ್ತಿತ್ತು.

ಸಭಾಪಾಲಕರು ಕೋಲಾರದಲ್ಲಿದ್ದರು. ಅವರನ್ನು ನಾವೆಲ್ಲ ಅಯ್ಯನವರು ಎನ್ನುತ್ತಿದ್ದೆವು. ಟೇಕಲ್, ಹೋಳೂರು, ಲಕ್ಕೂರು ಎಂದು ಹಲವು ಊರಿನ ಸಭೆಗಳನ್ನು ಒಂದು ಮೋಟಾರ್ ಸೈಕಲ್ ಮೇಲೆ ಸುತ್ತುತ್ತಿದ್ದರು. ನಮ್ಮಲ್ಲಿಗೆ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಎಂದರೆ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಲು ಬರುತ್ತಿದ್ದರು. ಆ ಭೋಜನವನ್ನು ಸಿದ್ಧಮಾಡುವುದು ನನ್ನ ಕೆಲಸಗಳಲ್ಲೆಲ್ಲ ನನಗೆ ಪ್ರಿಯವಾದದ್ದು.

ಶುಕ್ರವಾರ ಸಂಜೆ ಕಪ್ಪು ಒಣದ್ರಾಕ್ಷಿಯನ್ನು ನೆನೆಹಾಕುತ್ತಿದ್ದೆ. ಶನಿವಾರ ಊಟವಾದ ಮೇಲೆ, ಬೇರೆ ಯಾವುದಕ್ಕೂ ಬಳಸದ ಪಾತ್ರೆಯಲ್ಲಿ ಅದನ್ನು ಸೀಮೆಎಣ್ಣೆ ಸ್ಟೋವಿನ ಸಣ್ಣ ಉರಿಯ ಮೇಲೆ ಇಡುತ್ತಿದ್ದೆ. ಹಣ್ಣು ಉಬ್ಬಿ ಒಡೆಯುವವರೆಗೆ ಕುದಿಸಿ, ಮಲ್ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ರಸ ಕದಡುತ್ತದೆ, ತಾನಾಗಿ ತೊಟ್ಟಿಕ್ಕಬೇಕು. ಆ ತೊಟ್ಟಿಕ್ಕುವ ಸದ್ದು ಕೇಳುತ್ತ ನಾನು ಎಷ್ಟೋ ಸಲ ಕುಳಿತಲ್ಲೇ ತೂಕಡಿಸಿದ್ದೇನೆ. ಆಮೇಲೆ ಬ್ರೆಡ್ಡಿನ ಅಂಚು ತೆಗೆದು ಸಣ್ಣ ಚೂರುಗಳಾಗಿ ಕತ್ತರಿಸಬೇಕು. ಅಂಚು ಗುಬ್ಬಿಗಳಿಗೆ. ಕೊನೆಗೆ ಬಟ್ಟಲು. ಅದು ಬೆಳ್ಳಿ ನೀರು ಕೊಟ್ಟ ಹಿತ್ತಾಳೆಯ ದೊಡ್ಡ ಬಟ್ಟಲು, ನನಗಿಂತ ಹಳೆಯದು. ಅದನ್ನು ನಾನು ವಿಭೂತಿಯಲ್ಲಿ ತಿಕ್ಕುತ್ತಿದ್ದೆ. ಅದಕ್ಕಿಂತ ಚೆನ್ನಾಗಿ ಬೆಳ್ಳಿಯನ್ನು ಬೆಳಗುವುದು ಇನ್ನೊಂದಿಲ್ಲವೆಂದು ನನ್ನ ಮುಂಚಿನವರು ಕಲಿಸಿದ್ದರು. ಮುಳಬಾಗಿಲಿಗೆ ಹೋದಾಗ ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಉಂಡೆ ವಿಭೂತಿ ತರುತ್ತಿದ್ದೆ. ಅಂಗಡಿಯವರು ಒಂದು ಸಲ, "ಏನ್ ಸ್ವಾಮಿ, ಇಷ್ಟು ವಿಭೂತಿ ಒಯ್ತೀರ, ಹಣೇಲಿ ಮಾತ್ರ ಕಾಣಲ್ವಲ್ಲ?" ಎಂದು ಕೇಳಿದ್ದರು. ನಾನು ನಕ್ಕು ಬಂದಿದ್ದೆ.

ಆ ಒಂದೇ ಬಟ್ಟಲಿನಿಂದ ಇಡೀ ಸಭೆ ಕುಡಿಯುತ್ತಿತ್ತು. ಅಯ್ಯನವರು ಒಬ್ಬೊಬ್ಬರ ತುಟಿಗೂ ಹಿಡಿದು, ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಸ್ವಲ್ಪ ತಿರುಗಿಸಿ, ಮುಂದಿನವರಿಗೆ ಹಿಡಿಯುತ್ತಿದ್ದರು. ಉಳಿದದ್ದನ್ನು ಅವರೇ ಕುಡಿದು ಮುಗಿಸಬೇಕು. ತೊಳೆದ ನೀರನ್ನು ಮೋರಿಗೆ ಚೆಲ್ಲದೆ ದಾಸವಾಳದ ಬುಡಕ್ಕೆ ಹಾಕುವುದು ನನ್ನ ಪಾಲಿನದು.

ನಮ್ಮಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಹೆಂಚಿನ ಕಾರ್ಖಾನೆಯ ಒಬ್ಬ ಹೆಂಗಸು. ಹಸಿ ಹೆಂಚುಗಳನ್ನು ಒಣಗಲು ಅಟ್ಟಣೆಗೆ ಜೋಡಿಸುವ ಕೆಲಸ ಅವಳದು. ಅವಳ ತವರು ಶ್ರೀನಿವಾಸಪುರದ ಕಡೆ, ಮನೆಮಾತು ತೆಲುಗು. ಹಾರ್ಮೋನಿಯಂ ಇಲ್ಲದ ಸಭೆ ನಮ್ಮದು. ಅವಳು ಮೊದಲ ಸಾಲನ್ನು ಒಬ್ಬಳೇ ಎತ್ತುತ್ತಿದ್ದಳು. ಎಲ್ಲರ ಗಂಟಲಿಗೂ ಎಟುಕುವ ಶ್ರುತಿ ಅದು ಹೇಗೆ ಗೊತ್ತಾಗುತ್ತಿತ್ತೋ. ಶನಿವಾರ ಕಾರ್ಖಾನೆಯಿಂದ ಮನೆಗೆ ಹೋಗುವಾಗ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಅಣ್ಣಾ, ರಸ್ತೆವರೆಗೂ ದ್ರಾಕ್ಷಿ ಘಮಘಮ ಅಂತದೆ. ನಿಮ್ ಮೈಯೆಲ್ಲ ಅದೇ ವಾಸನೆ ಇರ್ಬೇಕು, ಅತ್ತಿಗೆ ಏನೂ ಅನ್ನಲ್ವಾ?"

"ನಿಮ್ ಅತ್ತಿಗೆ ಮೂಗಿಗೆ ಬರೀ ಸೀಮೆಎಣ್ಣೆ ವಾಸನೆ ಬರ್ತದಂತೆ ಕಣಮ್ಮ."

ಒಳಗಿಂದ ನನ್ನ ಹೆಂಡತಿ, "ಇರೋದನ್ನೇ ಹೇಳಿದೀನಿ!" ಎಂದು ಕೂಗಿದರೆ ಇಬ್ಬರೂ ನಗುತ್ತಿದ್ದರು.

ಅವಳ ಗಂಡ ಲಾರಿ ಚಾಲಕ. ಹೆಂಚು ತುಂಬಿಕೊಂಡು ದೂರದೂರಿಗೆ ಹೋಗುತ್ತಿದ್ದವನು. ಒಂದು ಮಳೆಗಾಲದಲ್ಲಿ ಸೊರಗಿ ಸೊರಗಿ ಬಂದ, ಆಸ್ಪತ್ರೆ ಸೇರಿದ, ತೀರಿಕೊಂಡ. ದೇಹವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದರು. ಅದನ್ನು ನೋಡಿದ್ದೇ ಊರಿಗೆ ಕಾಯಿಲೆಯ ಹೆಸರು ಹೇಳಿದಂತಾಯಿತು. ಆ ಕಾಲದಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದರು. ಪೆಟ್ಟಿಗೆ ಹೊರಲು ಜನ ಸಾಲದೆ ನಾನೂ ಹೆಗಲು ಕೊಟ್ಟೆ. ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದೆ. ಅವಳು ಅದನ್ನು ನೋಡಿದಳು.

ಆಮೇಲಿನ ಮೊದಲ ಭಾನುವಾರ ಅವಳು ಬಿಳಿ ಸೀರೆಯಲ್ಲಿ ಬಂದು, ಎಂದಿನಂತೆ ಹಾಡೆತ್ತಿದಳು. ಸಭೆ ಹಿಂದೆ ಹಾಡಿತು. ನಂತರ ಭೋಜನಕ್ಕೆ ಕರೆದಾಗ ಅವಳು ಮುಂದೆ ಬಂದು ಪೀಠದ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿದಳು. ಅವಳ ಎರಡೂ ಪಕ್ಕ ಖಾಲಿಯಾಯಿತು. ಯಾರೂ ತಳ್ಳಲಿಲ್ಲ, ಗೊಣಗಲಿಲ್ಲ. ಅಂಗಳದಲ್ಲಿ ಚೆಲ್ಲಿದ ನೀರು ಇಂಗುವ ಹಾಗೆ ಜನ ಹಿಂದಕ್ಕೆ ಇಂಗಿಹೋದರು. ಅವಳ ನಂತರದವರು ರೊಟ್ಟಿ ತೆಗೆದುಕೊಂಡು ಬಟ್ಟಲು ಬಂದಾಗ ತಲೆ ಬಾಗಿಸಿ ಎದ್ದು ಹೋದರು. ಬಟ್ಟಲು ತುಂಬಿದಂತೆಯೇ ಮೇಜಿಗೆ ಮರಳಿತು. ಉಳಿದದ್ದನ್ನು ಅಯ್ಯನವರೇ ಮುಗಿಸಬೇಕಲ್ಲ. ಸಭೆಗೆ ಬೆನ್ನು ಮಾಡಿ ನಿಂತು, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಅಷ್ಟನ್ನೂ ಕುಡಿದರು. ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನೊಬ್ಬನೇ ನೋಡಿದೆ.

ಅಯ್ಯನವರ ಬೈಕು ತಿರುವು ದಾಟುತ್ತಲೇ ಸಭೆಯ ಹಿರಿಯರೊಬ್ಬರು ನನ್ನನ್ನು ದಾಸವಾಳದ ಹತ್ತಿರ ಕರೆದರು. ಅವರು ಪ್ರೌಢಶಾಲೆಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು. ಈ ಕೆಲಸ ಕೊಡಿಸಿದವರೂ ಅವರೇ.

"ಏನಯ್ಯಾ, ಹೀಗೇ ಆದ್ರೆ ಮುಂದಿನ ತಿಂಗಳು ಬೆಂಚಿನ ಮೇಲೆ ಧೂಳು ಬಿಟ್ರೆ ಇನ್ನೇನೂ ಇರಲ್ಲ. ಏನಾದ್ರೂ ಮಾಡು."

"ಅಯ್ಯನವರಿಗೆ ಹೇಳೋಣ ಮೇಷ್ಟ್ರೇ."

"ಅಯ್ಯನವರು ಇವತ್ತು ಬಂದು ನಾಳೆ ಇನ್ನೊಂದೂರು. ಇಲ್ಲಿ ಬದುಕೋರು ನಾವು ಕಣೋ." ಸ್ವಲ್ಪ ತಡೆದು ಮತ್ತೆ, "ಕೋಲಾರದ ಆಸ್ಪತ್ರೇಲಿ ವಿಚಾರಿಸ್ಕೊಂಡು ಬಾ. ಅವ್ರು ಏನಂತಾರೋ ಹಾಗೆ ಮಾಡೋಣ" ಎಂದರು.

ಅವರು ಕೆಟ್ಟವರಲ್ಲ. ಹಾಗೆ ಮಾಡೋಣ ಎಂದದ್ದನ್ನು ಅವರು ಖಂಡಿತ ನಡೆಸಿಕೊಡುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಕೋಲಾರದಲ್ಲಿ ಒಬ್ಬ ವಯಸ್ಸಾದ ನರ್ಸಮ್ಮ ಸಿಕ್ಕರು. ನಾನು ಸುತ್ತಿ ಬಳಸಿ ಕೇಳುತ್ತಿದ್ದರೆ ಅವರೇ ಅಡ್ಡ ಬಾಯಿ ಹಾಕಿದರು.

"ಬಟ್ಟಲಿಂದ ಬರುತ್ತಾ ಅಂತ ತಾನೇ ನಿನ್ನ ಪ್ರಶ್ನೆ? ಬರಲ್ಲ ಕಣಣ್ಣ. ತಟ್ಟೆಯಿಂದ ಬರಲ್ಲ, ಲೋಟದಿಂದ ಬರಲ್ಲ, ಪಕ್ಕದಲ್ಲಿ ಕೂತ್ರೆ ಬರಲ್ಲ. ಈಗ ತಾನೇ ಅಂಥ ಒಬ್ಬರಿಗೆ ಗಂಜಿ ಕುಡಿಸಿ ಬಂದೆ. ಕೊಡು ನಿನ್ ಕೈನ." ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ನೋಡು, ಏನಾಯ್ತು? ಹೋಗಿ ನಿಮ್ಮೋರಿಗೆಲ್ಲ ಹೇಳು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಸಭೆಗೆ ಹೇಳಬೇಕಾದ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಬಂದೆ. ಹುಣಸೆಮರಗಳು ಹಿಂದಕ್ಕೆ ಹೋಗುತ್ತಿದ್ದವು. ನನ್ನ ಕೈ ಇನ್ನೂ ಬೆಚ್ಚಗಿತ್ತು. ಆ ದಾರಿ ಹಾಗೇ ಮುಗಿಯದೆ ಉಳಿದಿದ್ದರೆ ನಾನು ಒಳ್ಳೆಯ ಮನುಷ್ಯನಾಗಿಯೇ ಇರುತ್ತಿದ್ದೆ.

ಮೇಷ್ಟ್ರು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಇಬ್ಬರೂ ನಡೆಯುತ್ತ ಹೊರಟೆವು. ನಾನು ಬಾಯಿ ತೆರೆಯುವ ಮುಂಚೆ ಅವರು, ಬೇರೇನೋ ಹೇಳುವಂತೆ, "ಹಿಂದಿನ ಮನೆ ಇನ್ಯಾರಿಗಾದ್ರೂ ಕೊಡಬೇಕು ಅಂತ ಕಮಿಟೀಲಿ ಒಂದಿಬ್ರು ಮಾತಾಡ್ತಾವ್ರೆ. ನಾನಿರೋವರೆಗೂ ಯೋಚ್ನೆ ಬೇಡ ಬಿಡು" ಎಂದರು. ಆಮೇಲೆ ಕೇಳಿದರು: "ಏನಂದ್ರು?"

ಅವರು ಹೆದರಿಸಲು ಹೇಳಿದ್ದರೋ, ಧೈರ್ಯ ತುಂಬಲು ಹೇಳಿದ್ದರೋ, ಇವತ್ತಿಗೂ ನನಗೆ ತಿಳಿಯದು. ಬೇರೊಬ್ಬರ ಮನೆಯಾಗಬಹುದಾದ ನನ್ನ ಮನೆ, ಒಲೆಯ ಮುಂದೆ ಕುಳಿತ ಹೆಂಡತಿ, ಕುದಿಯುತ್ತಿರುವ ದ್ರಾಕ್ಷಿ ಇವೆಲ್ಲ ಕಣ್ಣ ಮುಂದೆ ತೇಲಿಹೋದವು. ಹಾಡು ಎತ್ತುವವಳಿಗೂ ಅದೇ ಬಟ್ಟಲು ಕೊಡಬೇಕು ಎಂದು ನಾನು ವಾದಿಸಿದರೆ ಆ ಒಂದಿಬ್ಬರು ಸುಮ್ಮನಿರುತ್ತಾರೆಯೇ ಎನ್ನಿಸಿತು.

"ಗ್ಯಾರಂಟಿ ಹೇಳೋಕಾಗಲ್ಲ ಅಂದ್ರು ಮೇಷ್ಟ್ರೇ" ಎಂದೆ.

ಇಷ್ಟೇ. ನಡೆಯುತ್ತ ನಡೆಯುತ್ತ, ದನಿಯಲ್ಲಿ ಒಂದು ಏರಿಳಿತವೂ ಇಲ್ಲದೆ. ಮೇಷ್ಟ್ರು ನಿಟ್ಟುಸಿರಿಟ್ಟರು. "ಆಕೆ ಮನಸ್ಸು ನೋಯದ ಹಾಗೆ ನೀನೇ ಏನಾದ್ರೂ ದಾರಿ ಹುಡುಕು" ಎಂದರು.

ನಾನು ಹುಡುಕಿದ ದಾರಿ ಪೇಟೆಯ ಅಂಗಡಿಯಲ್ಲಿ ಸಿಕ್ಕಿತು. ಒಂದು ಸಣ್ಣ ಗಾಜಿನ ಲೋಟ. ಅಂಚಿನ ಕೆಳಗೆ ತೆಳುವಾಗಿ ಹೂಬಳ್ಳಿ ಕೊರೆದಿತ್ತು. ಅಗ್ಗದ್ದು ತರಲಿಲ್ಲ, ಚೆಂದದ್ದನ್ನೇ ಆರಿಸಿದೆ. ಶನಿವಾರ ಅದನ್ನು ಬಿಸಿನೀರಿನಲ್ಲಿ ತೊಳೆದು, ಬಟ್ಟಲಿನಷ್ಟೇ ಶ್ರದ್ಧೆಯಿಂದ ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟೆ. ಬಿಸಿಲು ಅದರ ಮೂಲಕ ಹಾದು ಗೋಡೆಯ ಮೇಲೆ ನೀರಿನಂಥ ಬೆಳಕನ್ನು ಅಲುಗಿಸುತ್ತಿತ್ತು. ಮಲ್ ಬಟ್ಟೆಯಿಂದ ರಸ ತೊಟ್ಟಿಕ್ಕುತ್ತಿತ್ತು. ನನಗೆ ತೂಕಡಿಕೆ ಬಂತು.

ತೂಕಡಿಕೆಯಲ್ಲಿ ಅಪ್ಪ ಬಂದರು. ಲಕ್ಕೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಕಾಫಿ ಹೋಟೆಲಿತ್ತು. ನಮ್ಮ ಕೇರಿಯವರಿಗೆ ಬೇರೆ ಲೋಟ. ಅದನ್ನು ಸೂರಿನ ಬಿದಿರು ಗಳುವಿಗೆ ಸಿಕ್ಕಿಸಿಟ್ಟಿರುತ್ತಿದ್ದರು. ನಾವೇ ತೆಗೆದುಕೊಂಡು, ಹೊರಗೆ ಕುಕ್ಕರಗಾಲಲ್ಲಿ ಕೂತು ಕುಡಿದು, ನಾವೇ ತೊಳೆದು ಮತ್ತೆ ಸಿಕ್ಕಿಸಬೇಕು. ಅಪ್ಪ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾದದ್ದು ಯಾಕೆಂದು ಯಾರಾದರೂ ಕೇಳಿದರೆ ಅವರು ಸ್ವರ್ಗದ ಮಾತೆತ್ತುತ್ತಿರಲಿಲ್ಲ. "ಅಲ್ಲಿ ಒಂದೇ ಬಟ್ಟಲು ಕಣಪ್ಪ. ಬಿಳಿ ದೊರೆ ಕುಡಿದದ್ದರಲ್ಲೇ ನಾನೂ ಕುಡಿದೆ" ಎನ್ನುತ್ತಿದ್ದರು. ತೂಕಡಿಕೆಯಲ್ಲಿ ಅಪ್ಪ ಏನೂ ಮಾತಾಡಲಿಲ್ಲ. ಕಿಟಕಿಯ ಬಳಿ ನಿಂತು ಲೋಟವನ್ನು ತೆಗೆದುಕೊಂಡು, ಗಳುವನ್ನು ಹುಡುಕುವವರಂತೆ ಸೂರಿನ ಕಡೆ ನೋಡಿದರು.

ನಾನು ಎಚ್ಚರಗೊಂಡೆ. ಮುಖ ತೊಳೆದುಕೊಂಡೆ. ಲೋಟವನ್ನು ತಟ್ಟೆಯಲ್ಲಿ, ಬಟ್ಟಲ ಪಕ್ಕದಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿದೆ.

ಭಾನುವಾರ ಅಯ್ಯನವರು ಓದಿದ ಪಾಠ ಕುಷ್ಠರೋಗಿಯದು. ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧಮಾಡಬಲ್ಲೆ ಎಂದು ಅವನು ಬೇಡಿದಾಗ, ಯೇಸು ಕನಿಕರಪಟ್ಟು ಕೈಚಾಚಿ ಮುಟ್ಟಿದ ಕಥೆ. "ವಾಸಿಯಾದ ಮೇಲೆ ಮುಟ್ಟಲಿಲ್ಲ, ಗಮನಿಸಿ. ಮುಟ್ಟಿದ್ದು ಮೊದಲು" ಎಂದರು ಅಯ್ಯನವರು. ಪ್ರಸಂಗದ ನಂತರ, ನಮ್ಮ ಪದ್ಧತಿಯಂತೆ, "ಯಾರಿಗಾಗಿ ಪ್ರಾರ್ಥಿಸೋಣ?" ಎಂದು ಕೇಳಿದರು. ಕಷ್ಟದಲ್ಲಿರುವವರ ಹೆಸರನ್ನು ಬೆಂಚಿನಿಂದಲೇ ಗಟ್ಟಿಯಾಗಿ ಹೇಳುವುದು ವಾಡಿಕೆ. ಕಾಲು ಮುರಿದವನ ಹೆಸರು ಬಂತು, ಬಸುರಿಯ ಹೆಸರು ಬಂತು, ಪರೀಕ್ಷೆಗೆ ಕುಳಿತವರ ಹೆಸರು ಬಂತು. ಅವಳ ಹೆಸರನ್ನು ಯಾರೂ ಹೇಳಲಿಲ್ಲ. ಮೇಜಿನ ಪಕ್ಕ ನಿಂತಿದ್ದ ನಾನೂ ಹೇಳಲಿಲ್ಲ.

ಅಯ್ಯನವರು ಬಟ್ಟೆ ತೆಗೆದರು. ಲೋಟ ಕಂಡಿತು.

"ಇದೇನು?" ಪಿಸುದನಿಯಲ್ಲಿ ಕೇಳಿದರು.

"ಆಕೆಗೆ ಅಯ್ಯನವರೇ. ಹಿರಿಯರು ಹೇಳವ್ರೆ. ಆಸ್ಪತ್ರೇಲೂ ಕೇಳಿದೀವಿ."

ಅವರು ನನ್ನ ಮುಖವನ್ನು ನೋಡಿದರು. ಮಲಗಿದ್ದಲ್ಲಿ ಎಷ್ಟೋ ಸಲ ಆ ನೋಟ ಮರಳಿ ಬಂದಿದೆ. ಅವರು ಚಿಕ್ಕ ವಯಸ್ಸಿನವರು, ನಾನು ಹಳಬ. ನನ್ನನ್ನು ನಂಬಿದರು. ಲೋಟಕ್ಕೆ ರಸ ಸುರಿದರು.

ಎಲ್ಲರೂ ಕುಡಿದ ಮೇಲೆ ಅವಳು ಕಟಕಟೆಗೆ ಬಂದಳು. ಮೇಷ್ಟ್ರೋ ಯಾರೋ ಕೊನೆಯಲ್ಲಿ ಬಾ ಎಂದಿದ್ದಿರಬೇಕು. ರೊಟ್ಟಿ ತೆಗೆದುಕೊಂಡು, ಕಣ್ಣು ಮುಚ್ಚಿ, ಬಟ್ಟಲಿಗಾಗಿ ಮುಖ ಎತ್ತಿದಳು. ಅಯ್ಯನವರು ಲೋಟವನ್ನು ಕೈಗೆ ಕೊಟ್ಟಾಗ ಕಣ್ಣು ತೆರೆದಳು. ಮೊದಲು ಲೋಟವನ್ನು, ಆಮೇಲೆ ನನ್ನನ್ನು ನೋಡಿದಳು. ಬಣ್ಣದ ಗಾಜಿನ ಬೆಳಕು ಅವಳ ಬಿಳಿ ಸೀರೆಯ ಮೇಲಿತ್ತು. ಹೊರಗೆ ಗುಬ್ಬಿಗಳು ಬ್ರೆಡ್ಡಿನ ಅಂಚಿಗೆ ಜಗಳಾಡುತ್ತಿದ್ದವು. ಅವಳು ಪೂರ್ತಿ ಕುಡಿದಳು. ಸೆರಗಿನಿಂದ ಲೋಟದ ಒಳಗೂ ಹೊರಗೂ ಒರೆಸಿದಳು. ನಾನು ಅದನ್ನು ತೆಗೆದುಕೊಳ್ಳಲು ತಟ್ಟೆ ಚಾಚಿದೆ. ಅವಳು ಕೊಡಲಿಲ್ಲ.

"ಬೇಡಣ್ಣಾ. ಇಲ್ಲಿಟ್ರೆ ಗೊತ್ತಿಲ್ದೆ ಇನ್ಯಾರಾದ್ರೂ ಕುಡಿದುಬಿಟ್ಟಾರು. ನಾನೇ ತಗೊಂಡೋಗ್ತೀನಿ."

ಲೋಟವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬೆಂಚಿಗೆ ಹೋದಳು. ಕೊನೆಯ ಹಾಡನ್ನೂ ಅವಳೇ ಎತ್ತಿದಳು. ಶ್ರುತಿ ಕದಲಲಿಲ್ಲ.

ಮುಂದಿನ ವಾರದಿಂದ ಅವಳು ಬರಲಿಲ್ಲ. ಯಾರೋ ಹಾಡೆತ್ತಿದರು, ಶ್ರುತಿ ತೀರಾ ಮೇಲೆ ಹೋಗಿ, ನಡುವೆಯೇ ಸಭೆಯ ಗಂಟಲು ಕಟ್ಟಿ ಹಾಡು ನಿಂತುಹೋಯಿತು. ಯಾರೂ ನಗಲಿಲ್ಲ. ನಾನು ಅವಳ ಮನೆಗೆ ಹೋಗಬೇಕೆಂದು ಪ್ರತಿ ಶನಿವಾರ ಅಂದುಕೊಂಡೆ. ಕೊನೆಗೆ ಹೋಗುವ ಹೊತ್ತಿಗೆ ಬಾಗಿಲಿಗೆ ಬೀಗವಿತ್ತು.

ಅವಳು ಹೋದ ಮೇಲೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಬಟ್ಟಲಿನ ಬಗ್ಗೆ ಒಮ್ಮೆ ಹುಟ್ಟಿದ ಅನುಮಾನ ಜನರ ಮನಸ್ಸಿನಿಂದ ಅಳಿಯಲಿಲ್ಲ. ಒಬ್ಬರಿಗೆ ಕೆಮ್ಮು, ಇನ್ನೊಬ್ಬರ ತುಟಿಯ ಮೇಲೆ ಹುಣ್ಣು, ಮತ್ತೊಬ್ಬರು ಎಲೆಯಡಿಕೆ ಹಾಕುತ್ತಾರೆ. ಬಟ್ಟಲು ಪ್ರತಿ ತಿಂಗಳೂ ಹೆಚ್ಚು ಹೆಚ್ಚು ತುಂಬಿ ಮರಳತೊಡಗಿತು. ಕೊನೆಗೆ ಎಲ್ಲರಿಗೂ ಒಂದೊಂದು ಸಣ್ಣ ಲೋಟ ತರಿಸುವುದೆಂದಾಯಿತು. "ಆರೋಗ್ಯಕ್ಕೂ ಒಳ್ಳೇದು" ಎಂದರು ಮೇಷ್ಟ್ರು. ಹೆಬ್ಬೆರಳಿನಷ್ಟು ಲೋಟಗಳು, ಅವನ್ನು ಸಿಕ್ಕಿಸಲು ತೂತುಗಳಿರುವ ತಟ್ಟೆ. ತೊಳೆಯುವ ಕೆಲಸ ಹೆಚ್ಚಾಯಿತು. ದೊಡ್ಡ ಬಟ್ಟಲನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಸೇರಿಸಿದೆ. ಆ ಒಂದು ಲೋಟವನ್ನು ನಾನು ಆರಿಸಿ ತಂದದ್ದು ಅವಳೊಬ್ಬಳನ್ನು ಬೇರೆ ಕೂರಿಸಲು. ಈಗ ಎಲ್ಲರೂ ಒಟ್ಟಿಗೆ ಮೊಣಕಾಲೂರಿ ಬೇರೆ ಬೇರೆಯಾಗಿ ಕುಡಿಯುತ್ತೇವೆ. ಯಾಕೆ ಹೀಗಾಯಿತೆಂದು ಈಗಿನವರಿಗೆ ಗೊತ್ತಿಲ್ಲ. ಮೊದಲಿನಿಂದಲೂ ಹೀಗೇ ಎಂದುಕೊಂಡಿದ್ದಾರೆ.

ಎಷ್ಟೋ ವರ್ಷಗಳ ಮೇಲೆ, ಮೇಷ್ಟ್ರೂ ತೀರಿಕೊಂಡಿದ್ದರು, ಅವಳು ಶ್ರೀನಿವಾಸಪುರದ ಹತ್ತಿರ ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸದಲ್ಲಿದ್ದಾಳೆ ಎಂದು ಕಾರ್ಖಾನೆಯ ಹಳೆಯ ಕೆಲಸಗಾರನೊಬ್ಬ ಹೇಳಿದ. ನಾನು ವಿಭೂತಿ ತಂದು ಬಟ್ಟಲನ್ನು ಬೆಳಗಿದೆ. ಬಾಟಲಿಯಲ್ಲಿ ರಸ ತುಂಬಿಸಿದೆ. ಬಟ್ಟಲಿನಿಂದ ಮೊದಲು ಅವಳು ಕುಡಿಯಬೇಕು, ಆಮೇಲೆ ನಾನು ಕುಡಿಯಬೇಕು, ಅವಳ ಮುಂದೆ ಆ ಸುಳ್ಳನ್ನು ಒಪ್ಪಿಕೊಳ್ಳಬೇಕು. ಹೀಗೆಂದು ಗಟ್ಟಿಮಾಡಿಕೊಂಡು, ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಮಂಡಿಯ ತಗಡಿನ ಕೆಳಗೆ ಹಣ್ಣಿನ ರಾಶಿಗಳು. ಗಾಳಿಯೇ ಸಿಹಿಯಾಗಿ ಭಾರವಾಗಿತ್ತು. ಅವಳು ಹುಲ್ಲಿನ ಮೇಲೆ ಕುಳಿತಿದ್ದಳು. ಕೂದಲು ಬೆಳ್ಳಗಾಗಿತ್ತು.

"ಏಮಣ್ಣಾ! ರಾ, ರಾ. ಬನ್ನಿ, ಇಲ್ಲಿ ಕೂತ್ಕೊಳಿ. ಅತ್ತಿಗೆ ಹೇಗವ್ರೆ?"

"ಹೋಗಿಬಿಟ್ಟಳಮ್ಮ."

ಅವಳು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟು, ಸುಮ್ಮನೆ ನನ್ನ ಕೈ ಹಿಡಿದುಕೊಂಡಳು. ಕೋಲಾರದ ನರ್ಸಮ್ಮನ ಕೈಯಷ್ಟೇ ಬೆಚ್ಚಗಿತ್ತು ಅದು. ಅವಳಿಗೆ ಕಾಯಿಲೆ ಇತ್ತೋ ಇರಲಿಲ್ಲವೋ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕೇಳಬೇಕಾದದ್ದು ಅದಾಗಿರಲಿಲ್ಲ.

"ಹಾಡು ಯಾರು ಎತ್ತುತಾರಣ್ಣ ಈಗ?"

"ಕೀಬೋರ್ಡ್ ತಂದವ್ರೆ."

"ಅದು ಎಲ್ಲರ ಗಂಟಲೂ ನೋಡ್ಕೊಂಡು ಎತ್ತುತ್ತಾ?" ಎಂದು ನಕ್ಕಳು. ಆಮೇಲೆ ಒಂದು ಹಣ್ಣು ಕೊಯ್ದು ಕೊಟ್ಟಳು. ತಿಂದೆ. ಮಾವಿನ ಜಾತಿಗಳ ಬಗ್ಗೆ, ಆ ವರ್ಷದ ಹೂವಿನ ಬಗ್ಗೆ, ಮುಚ್ಚಿಹೋದ ಕಾರ್ಖಾನೆಗಳ ಬಗ್ಗೆ ಮಾತಾಡಿದೆವು. ಚೀಲ ನನ್ನ ಮೊಣಕಾಲಿಗೆ ಒರಗಿ ನಿಂತಿತ್ತು. ಬಟ್ಟಲಿನ ಅಂಚು ತಾಗುತ್ತಿತ್ತು. ಇನ್ನೊಂದು ಮಾತಾದ ಮೇಲೆ ಹೇಳುತ್ತೇನೆ, ಈ ಬುಟ್ಟಿ ತುಂಬಲಿ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಂತೆ ಬಸ್ಸಿನ ಹೊತ್ತಾಯಿತು. ಅವಳು ನನ್ನ ಚೀಲದಲ್ಲಿ ಹಣ್ಣು ತುಂಬಲು ಕೈಚಾಚಿದಾಗ ನಾನು ಗಾಬರಿಯಿಂದ ಅದನ್ನು ಹಿಂದಕ್ಕೆಳೆದುಕೊಂಡೆ. ಅವಳ ಕೈ ಗಾಳಿಯಲ್ಲೇ ನಿಂತಿತು. ತನ್ನ ಕೈ ತಾಗಬಾರದೆಂದು ಎಳೆದುಕೊಂಡೆ ಎಂದೇ ತಿಳಿದಿರಬೇಕು. ಒಳಗಿರುವುದು ಬಟ್ಟಲು ಎಂದು ಹೇಳಲು ನನಗೆ ಆಗಲೂ ಬಾಯಿ ಬರಲಿಲ್ಲ.

"ಹೋಗ್ಬನ್ನಿ ಅಣ್ಣಾ" ಎಂದಳು.

ಮುಂದಿನ ಮಾವಿಗೆ ಮತ್ತೆ ಹೋದಾಗ ಅವಳು ಅಲ್ಲಿರಲಿಲ್ಲ. ಆಂಧ್ರದ ಕಡೆ ಹೋದಳು ಎಂದು ಕೆಲವರು, ಹುಷಾರಿಲ್ಲದೆ ಮಲಗಿದ್ದಳು ಎಂದು ಕೆಲವರು ಹೇಳಿದರು. ಹುಡುಕಿದೆ, ಸಿಗಲಿಲ್ಲ.

ನಾನು ಈಗ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವ ಮುದುಕ. ಯಾರಿಗಾಗಿ ಪ್ರಾರ್ಥಿಸೋಣ ಎಂದು ಕೇಳಿದಾಗಲೆಲ್ಲ ನಾನು "ಒಬ್ಬ ಸಹೋದರಿಗಾಗಿ" ಎನ್ನುತ್ತೇನೆ. ಹೊಸ ಅಯ್ಯನವರು ಪ್ರತಿ ಸಲವೂ "ಹೆಸರು?" ಎಂದು ಕಾಯುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಹೆಸರು ಹೇಳಿದರೆ ಆ ಬೆಂಚುಗಳಲ್ಲಿ ಯಾರಾದರೂ ತಿರುಗಿ ಕೇಳಿಯಾರು, ಅವಳು ಯಾಕೆ ಹೋದಳು ಎಂದು. ಕೇಳಲಿ. ಇಷ್ಟು ಬರೆದ ಮೇಲೆ ಇನ್ನು ಮುಚ್ಚಿಡಲು ಏನುಳಿದಿದೆ?

ಮಾರ್ತಮ್ಮ.